ಬಕೆಟ್ ಖಾಲಿ

ಕೋಣೆ ಕಾದಿದೆ ಅಂತ ಆಕೆ ಕರೆದದ್ದಲ್ಲ.
"ಚಾಸಿಬ್, ಮೂರು ದಿನವಾಯಿತು, ಬಕೆಟ್ ಖಾಲಿ" ಅಂದಳು ಫೋನಿನಲ್ಲಿ,
ಕರೆಯುವ ಎಮ್ಮೆ ಹಾಲು ಬಿಡುತ್ತಿಲ್ಲ ಎಂಬ ದನಿಯಲ್ಲಿ.

ಬಸ್ರಾದ ನಲ್ಲಿಗೆ ಉಪ್ಪು. ಸಮುದ್ರ ನದಿಯೊಳಗೆ ಏರಿಬಂದು
ವರ್ಷಗಳಾದವು. ಆ ನೀರಿಗೆ ಸೋಪು ನೊರೆ ಬಿಡುವುದಿಲ್ಲ,
ಗಿಡ ಎಲೆಯಂಚಿನಿಂದ ಸುಟ್ಟುಕೊಂಡು ಬರುತ್ತದೆ.
ಸಿಹಿನೀರು ಟ್ಯಾಂಕರಿನವನ ಬಳಿ ದುಡ್ಡಿಗೆ,
ಇಲ್ಲವೇ ಏಸಿಯ ಹಿಂದಿನ ಕೊಳವೆಯಲ್ಲಿ ಬಿಟ್ಟಿಗೆ.

ಉಮ್ಮ್ ಘಾಯಿಬ್ ಎಂಬುದು ಆಕೆಯ ಹೆಸರಲ್ಲ.
ಮಕ್ಕಳಾಗದವಳನ್ನು ನಮ್ಮಲ್ಲಿ ಹಾಗೆ ಕರೆಯುತ್ತೇವೆ:
ಇನ್ನೂ ಬಾರದವನ ತಾಯಿ.
ಎಪ್ಪತ್ತು ದಾಟಿದರೂ ಆ "ಇನ್ನೂ" ಯಾರೂ ತೆಗೆದಿಲ್ಲ.

ಸ್ಟೂಲು ಹತ್ತಿ ಮುಚ್ಚಳ ಎತ್ತಿದೆ.
ಫಿಲ್ಟರ್ ಕಂಬಳಿಯಾಗಿತ್ತು,
ಜೂನಿನ ಮೂರೂ ಧೂಳುಗಾಳಿ ಅದರಲ್ಲಿ ಮಲಗಿದ್ದವು.
ಅದರ ಹಿಂದೆ, ಹೊರಗೆ ಐವತ್ತು ಡಿಗ್ರಿ ಉರಿಯುವಾಗ,
ಕಾಯಿಲಿನ ಮೇಲೆ ಎರಡು ಬೆರಳು ದಪ್ಪ ಮಂಜುಗಡ್ಡೆ.

"ಗ್ಯಾಸ್ ಹೋಗಿದೆಯಾ? ಹೋದಸಲ ಬಂದ ಹುಡುಗ
ನಲವತ್ತು ಸಾವಿರ ದಿನಾರ್ ತಗೊಂಡು ತುಂಬಿದ."
ಗ್ಯಾಸ್ ಅಲ್ಲಮ್ಮ, ಉಸಿರು ಕಟ್ಟಿದೆ.
ಗಾಳಿ ಆಡದಿದ್ದರೆ ತಂಪು ಎಲ್ಲಿಗೆ ಹೋದೀತು?
ತನ್ನ ಮೇಲೆ ತಾನೇ ಹೆಪ್ಪುಗಟ್ಟಿ ಕೂರುತ್ತದೆ.

ಕೆರೆಯಬಾರದು. ಚಾಕು ಹಾಕಲೇಬಾರದು, ತಗಡು ಸೂಕ್ಷ್ಮ.
ಸ್ವಿಚ್ ಆರಿಸಿ ಕಾಯಬೇಕು. ಈ ಕೆಲಸದಲ್ಲಿ ಅರ್ಧ ಕಾಯುವುದೇ,
ಅದಕ್ಕೆ ಮಾತ್ರ ಯಾರೂ ಕೂಲಿ ಕೊಡುವುದಿಲ್ಲ.
ಜನರೇಟರಿನವನಿಂದ ಕೊಂಡ ಆರು ಆಂಪಿಯರ್‌ನಲ್ಲಿ
ಒಂದು ಫ್ಯಾನು ತಿರುಗಿಸಿ, ಒಣನಿಂಬೆಯ ಚಹಾ ಕಾಸಿದಳು.
ಹಿಮ ಕರಗುವ ಸದ್ದು ಕೇಳುತ್ತ ಕೂತೆವು,
ಎರಡು ತಾಸು. ಹೆಚ್ಚು ಮಾತಿಲ್ಲ.

ಆದರೆ ನೀರು ಇಳಿದದ್ದು ಕೊಳವೆಗಲ್ಲ, ಗೋಡೆಗೆ.
ಹಿತ್ತಲಿಗೆ ಓಡಿದೆ. ಕೊಳವೆಯ ಬಾಯಲ್ಲಿ
ಕಣಜವೊಂದು ಮಣ್ಣು ಮೆತ್ತಿ ಮನೆ ಕಟ್ಟಿತ್ತು.
ಕಡ್ಡಿ ಆಡಿಸಿದೆ, ಬಾಯಿಟ್ಟು ಊದಿದೆ,
ಮಣ್ಣು ಬಿತ್ತು, ಹಸಿರು ಲೋಳೆ ಬಿತ್ತು.
"ಒಳಗೆ ಮರಿಯಿತ್ತಾ?" ಹಿಂದೆ ನಿಂತು ಕೇಳಿದಳು.
"ಇಲ್ಲ, ಹಾರಿಹೋಗಿದೆ" ಅಂದೆ.
ನಾನು ನೋಡಿರಲಿಲ್ಲ.

ಆಮೇಲೆ ಬಕೆಟಿನ ತಳದಲ್ಲಿ
ಟಪ್.
ಕೊಂಚ ತಡೆದು ಇನ್ನೊಂದು.
ತಳ ಮುಚ್ಚುವ ತನಕ ಕಾಯದೆ
ಬೊಗಸೆಯೊಡ್ಡಿ ಹಿಡಿದದ್ದನ್ನು
ಮಲ್ಲಿಗೆಯ ಬುಡಕ್ಕೆ ಸುರಿದಳು, ಎರಡೇ ಹೆಜ್ಜೆಯಲ್ಲಿ ಅರ್ಧ ಸೋರಿ.

"ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ."
"ಸ್ಟೂಲು ಯಾರು ಹತ್ತುತ್ತಾರೆ? ಘಾಯಿಬನಾ?"
ನಕ್ಕಳು. ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಈಗ ಗುರುವಾರ ಬಿಟ್ಟು ಗುರುವಾರ
ಬಾಟಲಿ ಹಿಡಿದು ಹೋಗುತ್ತೇನೆ, ವ್ಯಾನಿನ ಬ್ಯಾಟರಿಗೆ
ನಾಲ್ಕು ಹನಿ ಸಿಹಿನೀರು ಕೊಡಿ ಅಂತ.
ಬ್ಯಾಟರಿ ಅಷ್ಟು ಕುಡಿಯುವುದಿಲ್ಲ, ಆಕೆಗೂ ಗೊತ್ತು.
ನಾನು ಬರುವ ಮೊದಲೇ
ಸ್ಟೂಲನ್ನು ಗೋಡೆಗೆ ಸರಿಸಿಟ್ಟಿರುತ್ತಾಳೆ.