ತಡಿ

ನಮ್ಮ ಯಾರ್ಡಿನ ಸುರಕ್ಷಾ ಸಮಿತಿಗೆ ಏಳು ಕುರ್ಚಿ, ಒಂದು ಫ್ಯಾನು,
ಜುವಾರಿ ನದಿಗೆ ಬೆನ್ನು ಹಾಕಿದ ಒಂದು ಕಿಟಕಿ.
ತಿಂಗಳ ಮೊದಲ ಶನಿವಾರ, ಮೂರೂವರೆಗೆ, ಬಟಾಟವಡೆ.
ನಡಾವಳಿ ಬರೆಯುವವನು ನಾನು, ಸ್ಟೋರಿನ ಗುಮಾಸ್ತ,
ರಾಮದುರ್ಗದ ಕಡೆಯವನು,
ಅಕ್ಷರ ದುಂಡಗಿವೆ ಎಂಬ ಒಂದೇ ಅರ್ಹತೆಗೆ.

ಮೊದಲ ಮೂರು ಸಭೆ ಒಂದೇ ವಾಕ್ಯದಲ್ಲಿ ಮುಗಿದವು:
ಎಲ್ಲವೂ ಸರಿಯಾಗಿದೆ.
ನಾಲ್ಕನೆಯದರಲ್ಲಿ, ತುಕ್ಕು ಕೆರೆಯುವವರ ಪರವಾಗಿ ಬಂದ ಸೋಮ್ಲಿಬಾಯಿ,
ಕುರ್ಚಿ ಬಿಟ್ಟು ಹೊಸ್ತಿಲ ಮೇಲೆ ಕೂತವಳು, ಕೇಳಿದಳು:
"ನೀ ಬರದದ್ದು ಟ್ಯಾಂಕಿನೊಳಗ ಇಳೀತೈತೇನೋ ತಮ್ಮಾ?"
ನಕ್ಕರು. ನಾನೂ ನಕ್ಕೆ.
ನಗು ನಡಾವಳಿಯಲ್ಲಿ ಬರುವುದಿಲ್ಲ.

ಅವತ್ತೇ ಒಂದು ಠರಾವು: ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು.
ಯಾವ ಭಾಷೆಯಲ್ಲಿ ಎಂದು ಅರ್ಧ ತಾಸು ಚರ್ಚೆ.
ಫೋರ್ಮನ್ ಕಾಯ್ತಾನ್ "ರಾವ್" ಎಂದ, ಫಿಟ್ಟರ್ ಗವಸ "ಥಾಂಬ್" ಎಂದ,
ಬಣ್ಣದ ಬನಮಾಲಿ ತನ್ನ ಒಡಿಯಾದಲ್ಲಿ "ರುಹ" ಎಂದು ನಾಚಿಕೊಂಡ.
ಕೊನೆಗೆ ಬೋರ್ಡಿನ ಮೇಲೆ ಒಂದು ಕೆಂಪು ಅಂಗೈ ಬರೆಸಿದೆವು.
ಬಣ್ಣ ಸೋರಿ ಆರು ಬೆರಳಾಯಿತು.

ಸೆಪ್ಟೆಂಬರು. ಹುಣ್ಣಿಮೆ ಕಳೆದು ಮೂರನೇ ದಿನ, ಕೊನೆಯ ದೊಡ್ಡ ನೀರು.
ಒಂದು ಹತ್ತಕ್ಕೆ ಭರತಿ. ಅದು ತಪ್ಪಿದರೆ
ಅಮಾವಾಸ್ಯೆಯ ತನಕ ಬಾರ್ಜು ಜಾರುಗಟ್ಟೆಯ ಮೇಲೇ.
ಮೂರನೇ ಟ್ಯಾಂಕಿನಲ್ಲಿ ಕಂಬಳಿಯಗಲ ಬಣ್ಣ ಬಾಕಿ.
ಬನಮಾಲಿಯ ಒಂದು ಕಾಲು ಒಳಗೆ, ಒಂದು ಹೊರಗೆ.
"ತಡಿ," ಎಂದಳು ಸೋಮ್ಲಿಬಾಯಿ.
ಕೂಗಲಿಲ್ಲ. ಬಿಸಿ ಅನ್ನಕ್ಕೆ ಕೈ ಹಾಕುವ ಕೂಸಿಗೆ ಅನ್ನುವಂತೆ.
ಕನ್ನಡ ಬಾರದ ಅವನ ಕಾಲು ಅಲ್ಲೇ ನಿಂತಿತು.
"ರಾತ್ರಿ ಎಲ್ಲಾ ಮುಚ್ಚಿದ್ದ ಟ್ಯಾಂಕು. ಗಾಳಿ ನೋಡಿದವರು ಯಾರು?"

ನೋಡಿದವನು ನಾನು, ಕಾಗದದ ಪ್ರಕಾರ.
ಜೇಬಿನಲ್ಲಿ ಫಾರಂ ಇತ್ತು, ಬೆಳಿಗ್ಗೆ ಎಂಟಕ್ಕೇ ತುಂಬಿದ್ದು,
ಚಹಾ ಆರುವ ಮೊದಲು, ಸ್ಟೋರಿನ ಮೇಜಿನ ಮೇಲೆ,
ಎಲ್ಲ ದಿನಗಳ ಹಾಗೆ: ಇಪ್ಪತ್ತು ಪಾಯಿಂಟ್ ಒಂಬತ್ತು.

ಮೀಟರಿಗೆ ಚಾರ್ಜಿರಲಿಲ್ಲ. ಅದಕ್ಕೆ ನಲವತ್ತು ನಿಮಿಷ,
ಹಗ್ಗ ಹುಡುಕಲು ಹತ್ತು. ನೀರು ಬಂತು, ನಿಂತಿತು, ಹೊರಟಿತು.
ಕಾಯ್ತಾನನ ಬೈಗುಳ ಆಚೆ ದಡದ ಚರ್ಚಿನವರೆಗೆ ಹೋಗಿರಬೇಕು.
ಮೀಟರು ಇಳಿದು ಮೇಲೆ ಬಂತು.
ಇಪ್ಪತ್ತು ಪಾಯಿಂಟ್ ಒಂಬತ್ತು.
ನಾನು ಬರೆದದ್ದೇ.
ನನಗೆ ಭಯವಾದದ್ದು ಆಗ.

ಶನಿವಾರಕ್ಕೆ ಕಾಯದೆ ಸಭೆ ಕರೆದರು ಪ್ರಭುದೇಸಾಯ್ ಸಾಹೇಬರು.
"ಹನ್ನೆರಡು ದಿನದ ಬಾಡಿಗೆ ಯಾರ ಸಂಬಳದಲ್ಲಿ ಹಿಡಿಯಲಿ?"
ವಡೆ ಇರಲಿಲ್ಲ, ಆದರೂ ಎಲ್ಲರೂ ತಟ್ಟೆಯ ಜಾಗವನ್ನೇ ನೋಡಿದರು.
ಹೊಸ್ತಿಲ ಮೇಲೆ ಅವಳು ಅಂಗೈಯ ತುಕ್ಕು ಉಜ್ಜುತ್ತಿದ್ದಳು.
ಕಾಯ್ತಾನ್ ಎದ್ದ. ಮೂವತ್ತು ವರ್ಷದ ಫೋರ್ಮನ್.
"ಬರೆ," ಎಂದ ನನಗೆ. "ಗಾಳಿ ಸರಿ ಇತ್ತು.
ತಡಿ ಅಂದದ್ದೂ ಸರಿ. ಎರಡೂ ಒಂದೇ ಸಾಲಿನಲ್ಲಿ ಬರೆ."
ಬರೆದೆ. ಪೆನ್ನು ಕಸಿದು ಮೊದಲ ಸಹಿ ಅವನೇ ಹಾಕಿದ.

ನಮ್ಮಲ್ಲಿ ತಡಿ ಅಂದರೆ ನಿಲ್ಲು ಎಂದೂ ಹೌದು, ನದಿಯ ದಂಡೆ ಎಂದೂ ಹೌದು.
ಇದನ್ನು ಅವರಿಗೆ ವಿವರಿಸಲು ಹೋಗಲಿಲ್ಲ.
"ಇನ್ನೊಂದು ವಿಷಯ," ಎಂದೆ, ಫಾರಂ ಹೊರತೆಗೆದು,
"ಇದು ಬರೆಯುವವನ ಮೇಲೆಯೇ ಇದೆ."
ಮಡಿಕೆ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಆ ತಿಂಗಳು ಹನ್ನೊಂದು ಸಲ ಕೆಲಸ ನಿಂತಿತು.
ಒಂಬತ್ತು ಸಲ ಏನೂ ಇರಲಿಲ್ಲ.
ಒಂದು ಸಲ ಎಳೆ ಬಿಚ್ಚಿದ ಕ್ರೇನಿನ ತಂತಿಹಗ್ಗ.
ಇನ್ನೊಂದರ ಬಗ್ಗೆ ಗವಸ ಮಾತಾಡುವುದಿಲ್ಲ,
ಕೇಳಿದರೆ ತುದಿ ಕತ್ತರಿಸಿದ ಬೂಟು ತೋರಿಸುತ್ತಾನೆ.

ಸೋಮ್ಲಿಬಾಯಿಗೆ ಈಗಲೂ ಕುರ್ಚಿ ಬೇಡ, ಹೊಸ್ತಿಲಿಗೆ ಗಾಳಿ ಚೆನ್ನಾಗಿ ಬರುತ್ತದಂತೆ.
ಬೆಳಿಗ್ಗೆ ಎಂಟಕ್ಕೆ ಫಾರಂ ಹರವುತ್ತೇನೆ:
ದಿನಾಂಕ, ಟ್ಯಾಂಕು, ಇಳಿಯುವವನ ಹೆಸರು.
ಒಂದು ಚೌಕ ಹಾಗೇ ಬಿಟ್ಟು
ಪೆನ್ನಿನ ಮುಚ್ಚಳ ಹಾಕಿ
ಹಗ್ಗ ಹೆಗಲಿಗೇರಿಸಿ ಹೊರಡುತ್ತೇನೆ.