ಬೇಕಾಗಿದ್ದಾರೆ

ನಮ್ಮ ಸಂಘದ ಕಚೇರಿ ಡಂಡೀಯಲ್ಲಿ, ಮೂರನೇ ಮಹಡಿ,
ಕೆಳಗೆ ಮೀನು ಕರಿಯುವ ಅಂಗಡಿ.
ಗ್ರಂಥಪಾಲಕರ ಮಾನ ಕಾಯುವ ಕಾಗದಕ್ಕೆಲ್ಲ
ಹಳೇ ಎಣ್ಣೆಯ ವಾಸನೆ.

ನಾನು ಸೆಂಗಾ ರಿಂಟೂಲ್. ಪತ್ರಿಕೆಯ ಕೊನೇ ಪುಟ ನನ್ನದು,
'ಬೇಕಾಗಿದ್ದಾರೆ' ಪುಟ.
ಹತ್ತೊಂಬತ್ತು ವರ್ಷ ಅಲ್ಪವಿರಾಮ ತಿದ್ದಿದ್ದೇನೆ,
ಸಂಬಳ ತಿದ್ದಿಲ್ಲ.

ಮಂಗಳವಾರ ಬಂದದ್ದು ಇದು:
ಬಂದರಿನ ಊರು, ಒಂದೇ ಕೋಣೆಯ ಲೈಬ್ರರಿ.
ವಾರಕ್ಕೆ ಹದಿನಾರು ಗಂಟೆ, ಶನಿವಾರವೂ ಸೇರಿ.
ಸ್ನಾತಕೋತ್ತರ ಪದವಿ ಕಡ್ಡಾಯ.
ಮಕ್ಕಳಿಗೆ ಕತೆ ಹೇಳಲು, ಮುದುಕರ ಅರ್ಜಿ ತುಂಬಲು,
ಬಾಯ್ಲರು ಕೈಕೊಟ್ಟರೆ ಎಲ್ಲಿ ಒದೆಯಬೇಕೆಂದು
ತಿಳಿದಿರಬೇಕು.
ಗಂಟೆಗೆ ಹನ್ನೆರಡೂವರೆ ಪೌಂಡು.

ಗುಣಿಸಿದೆ. ವಾರಕ್ಕೆ ಇನ್ನೂರು.
ಇದನ್ನು ಅಚ್ಚು ಹಾಕಲು ನಾವು ಕೇಳುವ ದರ
ಇನ್ನೂರ ಹತ್ತು.
ಮತ್ತೆ ಗುಣಿಸಿದೆ. ಲೆಕ್ಕ ತಪ್ಪಿರಲಿಲ್ಲ.

ಗುರುವಾರ ಸಮಿತಿ ಕೂತಿತು, ಬಿಸ್ಕತ್ತಿನ ತಟ್ಟೆಯ ಸುತ್ತ.
ಅಧ್ಯಕ್ಷ ಟಾರ್ಕ್ವಿಲ್ ಬೇನ್ ಕನ್ನಡಕ ಒರೆಸುತ್ತ ಅಂದರು:
ನಮ್ಮ ಮುದ್ರೆಯ ಕೆಳಗೆ ಇದು ಬಂದರೆ
ಇದೇ ನ್ಯಾಯವಾದ ಬೆಲೆಯೆಂದು ನಾವೇ ರುಜು ಹಾಕಿದಂತೆ.
ಇವತ್ತು ಈ ಊರು, ನಾಳೆ ಪಕ್ಕದ್ದು.
ಹೊಟ್ಟೆಗೆ ಹಿಟ್ಟು ಕೊಡದವರು
ಜುಟ್ಟಿಗೆ ಪದವಿ ಕೇಳುತ್ತಾರಲ್ಲ!

ಲೋರ್ನಾ ಕಿನಿಯರ್ ಚಹಾ ಕಲಕುವುದನ್ನು ನಿಲ್ಲಿಸಲಿಲ್ಲ:
ಹೋದ ವರ್ಷ ಇಂಥದೇ ಒಂದನ್ನು ವಾಪಸ್ ಕಳಿಸಿದೆವು.
ಏರಿತೇ ಸಂಬಳ?
ಏರಿದ್ದು ಕೌನ್ಸಿಲರನ ನಾದಿನಿ, ಕುರ್ಚಿಯನ್ನು.
ಪುಸ್ತಕಗಳನ್ನು ಬಣ್ಣ ನೋಡಿ ಜೋಡಿಸಿದ್ದಾಳೆ,
ಚೆಂದ ಕಾಣುತ್ತದಂತೆ.

ಇಬ್ಬರೂ ಸರಿ. ಅದೇ ತೊಂದರೆ.
ತಪ್ಪಿದವರು ಆ ಕೋಣೆಯಲ್ಲಿ ಇರಲಿಲ್ಲ,
ಎಲ್ಲೋ ಒಂದು ಬಜೆಟ್ಟಿನ ಸಾಲಿನಲ್ಲಿ
ಸೊನ್ನೆಯೊಂದನ್ನು ಅಳಿಸಿ ಊಟಕ್ಕೆ ಎದ್ದುಹೋಗಿದ್ದರು.

ಕೈ ಎತ್ತಿದರು. ನಾಲ್ಕು, ನಾಲ್ಕು.
ಗುಮಾಸ್ತೆಯ ಕೈ ಎಣಿಕೆಗಿಲ್ಲ, ಅದು ಬರೆದುಕೊಳ್ಳುತ್ತಿತ್ತು:
'ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು.'
ಮುಂದಿನ ಸಭೆ ಇಪ್ಪತ್ತಮೂರಕ್ಕೆ.
ಅರ್ಜಿಗೆ ಕೊನೆಯ ದಿನ ಇಪ್ಪತ್ತೊಂದು.
ಇದನ್ನು ಕಂಡವಳು ನಾನೊಬ್ಬಳೇ ಎನ್ನಲಾರೆ.
ಬಾಯಿಬಿಡಲಿಲ್ಲ ಯಾರೂ, ನಾನೂ.

ನನ್ನ ಡ್ರಾಯರಿನಲ್ಲಿ ಒಂದು ಕಾರ್ಡಿದೆ.
ನಾನೇ ಅಚ್ಚು ಹಾಕಿದ ಕೆಲಸಕ್ಕೆ ಹೋದವಳದು.
ಮೂರನೇ ವರ್ಷ ಸದಸ್ಯತ್ವ ಹಿಂದಿರುಗಿಸಿದಳು,
ಚಂದಾ ಕಟ್ಟಲಾರೆ, ಕ್ಷಮಿಸಿ.
'ಕ್ಷಮಿಸಿ'ಯ ಕೆಳಗೆ ಎರಡು ಗೆರೆ.
ಯಾಕೆ ಎಸೆದಿಲ್ಲವೋ.

ಪತ್ರಿಕೆ ಹೊರಟಿತು. ಆ ಜಾಗಕ್ಕೆ
ಮುಳ್ಳುಹೂವಿನದೊಂದು ಚಿತ್ರ ಹಾಕಿದೆ.

ಸೋಮವಾರ ಫೋನು. ಹೆಂಗಸಿನ ದನಿ, ಹಿಂದೆ ಗಾಳಿ.
ವಾರಿ ಸ್ಮೀಟನ್ ಅಂತೆ, ಏಡಿ ತುಂಬುವ ಶೆಡ್ಡಿನಿಂದ.
ಪದವಿ ಇದೆ, ಎಂಟು ವರ್ಷದಿಂದ ಮಂಚದ ಕೆಳಗೆ.
ಲೈಬ್ರರಿಗೆ ಜನ ಬೇಕಂತೆ ಎಂದು ಅಂಚೆಯವನು ಅಂದ,
ನಿಮ್ಮ ಪುಟದಲ್ಲಿ ನೋಡಿದರೆ
ಹೂವು.

ಅಚ್ಚಾಗದ್ದನ್ನು ಹೇಳಕೂಡದು ಎಂದಿದೆ ನಿಯಮ.
ಎದ್ದು ಬಾಗಿಲು ಹಾಕಿ ಬಂದೆ. ಓದಿದೆ,
ಮಕ್ಕಳಿಗೆ ಓದುವ ಹಾಗೆ, ನಿಧಾನ,
ಹದಿನಾರು ಗಂಟೆ, ಶನಿವಾರ, ಬಾಯ್ಲರು.
ಕೊನೆಯ ಸಾಲಿಗೆ ನಾಲಿಗೆ ಒಣಗಿತು.
'ಹನ್ನೆರಡೂವರೆ.'
'ಎಷ್ಟು?'
ಕೇಳಿಸದೆಯೋ, ಕೇಳಿಸಿಯೋ.
ಇನ್ನೊಮ್ಮೆ ಹೇಳಿದೆ. ಇಷ್ಟು ವರ್ಷದಲ್ಲಿ
ಒಂದು ಸಂಬಳ ನನ್ನ ಬಾಯಿಂದ
ಒಬ್ಬರ ಕಿವಿಗೆ ಹೋದದ್ದು ಇದೇ ಮೊದಲು.

ಗಾಳಿ. ಯಾರೋ ಬುಟ್ಟಿ ಎಳೆದ ಸದ್ದು.
'ಇಲ್ಲಿಗಿಂತ ಮೂವತ್ತು ಪೆನ್ಸ್ ಜಾಸ್ತಿ,' ಅಂದಳು.
ನಕ್ಕಿರಬಹುದು.
'ತಡೀರಿ.'
ಆಮೇಲೆ ಬಹಳ ಹೊತ್ತು
ಪೆನ್ನು ಹುಡುಕುತ್ತಿದ್ದಳು.