ಪುಕ್ಕಟೆ ಕೊಡಬಾರದ್ದು

ಲೂನೆನ್‌ಬರ್ಗಿನ ಬಂದರಿಗೆ ಬೆನ್ನು ಹಾಕಿ ನಿಂತ ನನ್ನ ಅಂಗಡಿಯಲ್ಲಿ
ಮದುವೆ ಪಟ್ಟಿಯ ನೋಟ್‌ಬುಕ್ಕಿಗೆ ಮೂವತ್ತೊಂದು ವರ್ಷ.
ಯಾರಿಗೆ ಟೋಸ್ಟರು, ಯಾರಿಗೆ ಕಂಬಳಿ, ಕೊಂಡವರಾರು, ಎಷ್ಟಕ್ಕೆ,
ಎಲ್ಲ ಪೆನ್ಸಿಲ್ಲಿನಲ್ಲಿ. ಮನಸ್ಸು ಬದಲಾಗುತ್ತದೆ,
ಕೆಲವೊಮ್ಮೆ ಮದುಮಗನೇ ಬದಲಾಗುತ್ತಾನೆ.

ಏಪ್ರಿಲ್ಲಿನಲ್ಲಿ ಲೈನಸ್ ಕೋರ್ಕಮ್ ಬಂದ, ಜೊತೆಗೆ ಶಿಯೋರಿ,
ಕಾನಜಾವದ ಹುಡುಗಿ.
ಬೇಕಾದ್ದಕ್ಕೆ ಬೆರಳು ತೋರಿಸಿ ಎಂದೆ. ಅವನು ತೋರಿಸುತ್ತ ಹೋದ:
ಎರಕದ ಬಾಣಲೆ, ಲಿನನ್ ಟವೆಲು, ಸೂಪಿನ ಸೌಟು.
ಅವಳು ಕೈಕಟ್ಟಿ ನಿಂತೇ ಇದ್ದಳು,
ಪರರ ಅಡುಗೆಮನೆಗೆ ತಪ್ಪಿ ಹೊಕ್ಕವಳ ಹಾಗೆ.
"ಇದನ್ನು ಕೊಡಿ ಅಂತ ನಾನೇ ಹೇಗೆ ಬರೆಸಲಿ?
ಅದೂ ಬೆಲೆ ಸಮೇತ?"
"ಬರೆಸದಿದ್ದರೆ ಹನ್ನೊಂದು ಗಡಿಯಾರ ಬರುತ್ತವೆ, ಮಗಳೇ."
ನಕ್ಕಳು. ಒಂದೇ ಒಂದು ಬರೆಸಿದಳು:
ನೀಲಿ ಅಂಚಿನ ಬಟ್ಟಲು.

ಅದು ಬರುವುದು ನಾಲ್ಕರ ಪೆಟ್ಟಿಗೆಯಲ್ಲಿ.
ವಾರದೊಳಗೆ ಅವಳ ತಾಯಿ ಫುಮಿಯೆಯ ಪತ್ರ, ಮಗಳೇ ಓದಿ ಹೇಳಿದಳು:
ನಾಲ್ಕು ಬೇಡ, ಆ ಅಂಕಿಯ ಉಚ್ಚಾರದಲ್ಲಿ ಸಾವು ಕೂತಿದೆ. ಐದಾಗಲಿ.
ನಮ್ಮ ಕಡೆಯವರು ಸಾಮಾನು ತರುವುದಿಲ್ಲ, ಲಕೋಟೆ ತರುತ್ತಾರೆ.
ಗರಿಗರಿ ನೋಟು, ಬೆಸ ಸಂಖ್ಯೆ. ಸಮವಾದರೆ
ಸರಿಪಾಲು ಮಾಡಿಕೊಂಡು ಇಬ್ಬರೂ ಎದ್ದು ಹೋದಾರು.
ಲಕೋಟೆಯ ಮೇಲೆ ಬಿಚ್ಚಲಾಗದ ಗಂಟು.
ಆಮೇಲೆ ಮುಯ್ಯಿ ತೀರಿಸಬೇಕು,
ಬಂದದ್ದರ ಅರ್ಧದಷ್ಟಾದರೂ.

ಇತ್ತ ಲೈನಸ್‌ನ ಸೋದರತ್ತೆ ಹಿಲ್ಡ್ರೆಡ್
ಕೊಡೆ ಮಡಚದೆಯೇ ಒಳಬಂದು ಗುಡುಗಿದಳು:
"ದುಡ್ಡಿನ ಲಕೋಟೆಯೇ? ಮದುವೆಯೆಂದರೆ ಚರ್ಚಿನ ಕಾಣಿಕೆ ತಟ್ಟೆಯೇ?
ಅರ್ಧ ವಾಪಸು ಬಂದರೆ
ನಾನು ಕೊಟ್ಟದ್ದು ಉಡುಗೊರೆಯೋ ಕೈಸಾಲವೋ?"
ನಾನು ಅಂಗಡಿಯವಳು. ಇಬ್ಬರಿಗೂ ಹೌದೆಂದೆ.

ಹಳೆಯ ಮೀನುಚಾಕುವಿನಿಂದ ಎರಡನೆಯ ಪೆಟ್ಟಿಗೆಯನ್ನೂ ಸೀಳಿದೆ.
ಐದನ್ನು ಕಟ್ಟಿದೆ, ಮೂರು ಉಳಿದವು.
ಮೂರು ಬಟ್ಟಲನ್ನು ಯಾರು ಕೊಳ್ಳುತ್ತಾರೆ?

ಜೂನಿನಲ್ಲಿ ಎಲ್ಡನ್ ಬಂದ, ಲೈನಸ್‌ನ ದೊಡ್ಡಪ್ಪ,
ನಲವತ್ತು ವರ್ಷ ಕಡಲಲ್ಲೇ ಕಳೆದವ, ಪಟ್ಟಿ ಗಿಟ್ಟಿ ಓದದವ.
ಪತ್ರಿಕೆಯ ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟ:
ಸೇಬು ಮರದ ಹಿಡಿ, ತಾನೇ ಮಸೆದ ಅಲಗು.
ಶಿಯೋರಿ ಅಲ್ಲೇ ಇದ್ದಳು. ಮುಖ ಬಿಳಿಚಿತು.
ಮದುವೆಗೆ ಚಾಕು!
ಲೈನಸ್ ಟವೆಲುಗಳನ್ನು ಎಣಿಸತೊಡಗಿದ.

ಎಲ್ಡನ್ ಅಂಗೈ ಚಾಚಿದ. "ಪುಕ್ಕಟೆ ಕೊಡುವುದಿಲ್ಲ, ಹುಡುಗಿ.
ಪುಕ್ಕಟೆ ಬಂದ ಚಾಕು ಮೊದಲು ಕೊಯ್ಯುವುದು ನಂಟನ್ನೇ.
ಒಂದು ಕಾಸು ಹಾಕು, ಕೊಂಡ ಹಾಗಾಗಲಿ."

ಅವಳು ಪರ್ಸು ತಡಕಿದಳು, ತಡಕಿದಳು,
ಕೊನೆಗೆ ಹಿತ್ತಾಳೆ ಬಣ್ಣದ್ದೊಂದು, ನಡುವೆ ತೂತು.
"ಗೋ ಎನ್," ಎಂದಳು.
"ಐದು ಯೆನ್ ಅಂದರೂ ಹೀಗೇ,
ನಂಟು ಅಂದರೂ ಹೀಗೇ ಕೇಳಿಸುತ್ತದೆ."

ಎಲ್ಡನ್ ಅದನ್ನು ಕಣ್ಣಿಗೆ ಹಿಡಿದ.
ತೂತಿನಲ್ಲಿ ಬಂದರು ನೋಡಿದ, ಅವಳನ್ನು ನೋಡಿದ,
ಆಮೇಲೆ ನನ್ನನ್ನು, ತುಸು ಹೊತ್ತು.
"ನಿನ್ನದು ಇನ್ನೂ ಇದೆಯಾ, ವರ್ನಾ?"
"ಇದೆ. ಪೆಟ್ಟಿಗೆ ಸೀಳಲಿಕ್ಕೆ."

ಎಪ್ಪತ್ತೊಂಬತ್ತರ ಬೇಸಿಗೆ.
ಕಾಸು ಕೇಳಲು ಅವನಿಗೆ ನಾಚಿಕೆ.
ನಾನು ಗೋಧಿ ಸೀಮೆಯಿಂದ ಬಂದವಳು,
ಕೊಡಬೇಕೆಂದು ಗೊತ್ತಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆದೆ: ಚಾಕು, ಒಂದು.
ಬೆಲೆ ಐದು ಯೆನ್. ಸಂದಾಯವಾಗಿದೆ.
ಪೆನ್ಸಿಲ್ಲು ಬಿಟ್ಟು ಪೆನ್ನಿನಲ್ಲಿ ಬರೆದೆ.

ಉಳಿದ ಮೂರು ಬಟ್ಟಲು ಈಗ ನನ್ನ ಮನೆಯಲ್ಲಿವೆ.
ಒಂದರಲ್ಲಿ ಬೆಳಗಿನ ಗಂಜಿ. ಒಂದರಲ್ಲಿ ಕಳಚಿಬಿದ್ದ ಗುಂಡಿಗಳು.
ಇನ್ನೊಂದು ಬಾಗಿಲ ಪಕ್ಕ, ಅದರ ತುಂಬ ಚಿಲ್ಲರೆ ಕಾಸು.
ಯಾರು ಯಾವಾಗ ಏನು ತಂದುಕೊಟ್ಟಾರೋ.